ಮಿಲಿಗ್ರಾಂ ಎಲ್ಲಿ, ಮೈಕ್ರೋಗ್ರಾಂ ಎಲ್ಲಿ?



ಕೆಲವು ವರ್ಷಗಳ ಹಿಂದೆ ನಾನು ಆಹಾರ ಮತ್ತು ಆರೋಗ್ಯ ಕುರಿತ ಒಂದು ಕಾರ್ಯಕ್ರಮ ತಯಾರಿಸುತ್ತಿದ್ದೆ. ವಯಸ್ಕರೊಬ್ಬರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಪರದೆಯ ಮೇಲೆ ಬರಬೇಕಾದ ಬರಹದಲ್ಲಿ ಅದು 150 ಮಿಲಿಗ್ರಾಂ ಎಂದಾಗಿತ್ತು. ಮೈಕ್ರೋ ಎಂಬುದಕ್ಕೆ ಬಳಸುವ ಗ್ರೀಕ್ ಅಕ್ಷರ ಕೀಲಿಮಣೆಯಲ್ಲಿ ಸುಲಭವಾಗಿ ಸಿಗದೆ, ಅದರ ಬದಲು ಇಂಗ್ಲಿಷಿನ ಎಂ ಅಕ್ಷರ ಬಿದ್ದಿತ್ತು. ವಿಜ್ಞಾನ ಪದವೀಧರನಾದ ನಾನೇ ಅದನ್ನು ನೋಡಿ ಒಪ್ಪಿಗೆ ಕೊಟ್ಟಿದ್ದೆ! ಪ್ರಸಾರಕ್ಕೆ ಮೊದಲು ಸಹಾಯಕಿಯೊಬ್ಬರು ಗಮನಿಸಿದ್ದರಿಂದ ತಪ್ಪು ಮನೆಮನೆಗೆ ತಲುಪಲಿಲ್ಲ.

ಒಂದು ಅಕ್ಷರದ ತಪ್ಪು ತಾನೇ ಎನ್ನಬಹುದು. ಆದರೆ ಒಂದು ಮಿಲಿಗ್ರಾಂ ಎಂದರೆ 1,000 ಮೈಕ್ರೋಗ್ರಾಂ. 150 ಮಿಲಿಗ್ರಾಂ ಅಯೋಡಿನ್ ಒಬ್ಬರಿಗೆ ಸಾವಿರ ದಿನಗಳಿಗೆ, ಅಂದರೆ ಸುಮಾರು ಎರಡು ಮುಕ್ಕಾಲು ವರ್ಷಕ್ಕೆ ಸಾಕು!

ಹೆಕ್ಟೋಗ್ರಾಂ, ಡೆಕಾಗ್ರಾಂ, ಡೆಸಿಗ್ರಾಂ ಎಂದು ಶಾಲೆಯಲ್ಲಿ ನೀವು ಬಾಯಿಪಾಠ ಮಾಡಿರುತ್ತೀರಿ. ನಿತ್ಯದ ಬಳಕೆಯಲ್ಲಿ ನಾಲ್ಕು ಮೆಟ್ಟಿಲು ನೆನಪಿದ್ದರೆ ಸಾಕು: ಕಿಲೋಗ್ರಾಂ, ಗ್ರಾಂ, ಮಿಲಿಗ್ರಾಂ, ಮೈಕ್ರೋಗ್ರಾಂ. ಒಂದೊಂದು ಮೆಟ್ಟಿಲು ಇಳಿದಾಗಲೂ ಸಾವಿರದಿಂದ ಗುಣಿಸಬೇಕು, ಹತ್ತಿದಾಗ ಸಾವಿರದಿಂದ ಭಾಗಿಸಬೇಕು. ಗೊಂದಲವಾದರೆ ಹೀಗೆ ಯೋಚಿಸಿ: ನೂರು ರೂಪಾಯಿಯ ಒಂದು ನೋಟಿಗೆ ಚಿಲ್ಲರೆ ತೆಗೆದುಕೊಂಡರೆ ನಾಣ್ಯಗಳ ಸಂಖ್ಯೆ ಹೆಚ್ಚುತ್ತದೆ, ಹಣ ಅಷ್ಟೇ ಇರುತ್ತದೆ. ಹಾಗೆಯೇ ಮಾನ ಚಿಕ್ಕದಾದಾಗ ಸಂಖ್ಯೆ ದೊಡ್ಡದಾಗಬೇಕು.

ಈಗ ಉಪ್ಪಿನ ಲೆಕ್ಕ ನೋಡೋಣ. ಅಂಗಡಿಯಲ್ಲಿ ಮಾರುವ ಅಯೋಡಿನ್‌ಯುಕ್ತ ಉಪ್ಪಿನಲ್ಲಿ ದಶಲಕ್ಷಕ್ಕೆ ಕನಿಷ್ಠ 15 ಭಾಗ ಅಯೋಡಿನ್ ಇರಬೇಕೆಂಬುದು ನಮ್ಮ ದೇಶದ ನಿಯಮ. ಒಂದು ಕಿಲೋಗ್ರಾಂ ಎಂದರೆ ದಶಲಕ್ಷ ಮಿಲಿಗ್ರಾಂ. ಹಾಗಾಗಿ ಒಂದು ಕಿಲೋ ಉಪ್ಪಿನಲ್ಲಿ 15 ಮಿಲಿಗ್ರಾಂ ಅಯೋಡಿನ್. 10 ಗ್ರಾಂ ಉಪ್ಪು ಕಿಲೋದ ನೂರನೇ ಒಂದು ಭಾಗವಾದ್ದರಿಂದ ಅದರಲ್ಲಿ 0.15 ಮಿಲಿಗ್ರಾಂ. ಒಂದು ಮೆಟ್ಟಿಲು ಇಳಿಯಿರಿ: 150 ಮೈಕ್ರೋಗ್ರಾಂ. ದಿನದ ಅಗತ್ಯಕ್ಕೆ ಸರಿಹೋಯಿತು.

ಹಾಗೆಂದು ಉಪ್ಪು ಹೆಚ್ಚು ತಿನ್ನಬೇಡಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆಗ ಇದೇ ಉಪ್ಪಿನಿಂದ ಸಿಗುವುದು ಹೆಚ್ಚೆಂದರೆ 75 ಮೈಕ್ರೋಗ್ರಾಂ. ಹಾಲು, ಮೊಟ್ಟೆ, ಮೀನುಗಳಲ್ಲೂ ಅಯೋಡಿನ್ ಇರುತ್ತದೆ.

ಇಷ್ಟು ಅಲ್ಪ ಪ್ರಮಾಣಕ್ಕೆ ಇಷ್ಟೊಂದು ಚಿಂತೆ ಏಕೆ? ಅಯೋಡಿನ್ ಇಲ್ಲದೆ ಥೈರಾಯ್ಡ್ ಗ್ರಂಥಿಯ ಹಾರ್ಮೋನು ತಯಾರಾಗದು. ಕೊರತೆಯಾದರೆ ಕುತ್ತಿಗೆಯಲ್ಲಿ ಗಳಗಂಡ ಬೆಳೆಯುತ್ತದೆ. ಗರ್ಭಿಣಿಗೆ ತೀವ್ರ ಕೊರತೆಯಾದರೆ ಹುಟ್ಟುವ ಮಗುವಿನ ಮೆದುಳಿನ ಬೆಳವಣಿಗೆಯೇ ಕುಂಠಿತವಾಗಬಹುದು. ಇಂದಿನ ಹಿಮಾಚಲ ಪ್ರದೇಶದ ಕಾಂಗ್ರಾ ಕಣಿವೆಯಲ್ಲಿ ಗಳಗಂಡ ವ್ಯಾಪಕವಾಗಿತ್ತು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಅಲ್ಲಿ ಅಯೋಡಿನ್ ಬೆರೆಸಿದ ಉಪ್ಪಿನ ಪ್ರಯೋಗ ಆರಂಭಿಸಿದರು. ಅಂಥ ಉಪ್ಪು ಬಳಸಿದ ಕಡೆ ಗಳಗಂಡ ಗಣನೀಯವಾಗಿ ಇಳಿಯಿತು. 1962ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು.

ಕೊನೆಗೊಂದು ಲೆಕ್ಕ. ದಿನಕ್ಕೆ 150 ಮೈಕ್ರೋಗ್ರಾಂನಂತೆ ವರ್ಷಕ್ಕೆ 54,750 ಮೈಕ್ರೋಗ್ರಾಂ, ಅಂದರೆ 54.75 ಮಿಲಿಗ್ರಾಂ. 70 ವರ್ಷಕ್ಕೆ ಸುಮಾರು 3,833 ಮಿಲಿಗ್ರಾಂ. 4 ಗ್ರಾಂ ಕೂಡ ಇಲ್ಲ! ಒಂದು ಚಹಾ ಚಮಚ ಉಪ್ಪಿನ ತೂಕಕ್ಕಿಂತಲೂ ಕಡಿಮೆ. ಆದರೆ ಒಮ್ಮೆಗೇ ನುಂಗಿದರೆ ಅದು ವಿಷ. ದಿನದಿನವೂ ಚೂರುಚೂರಾಗಿಯೇ ಸಿಗಬೇಕು.

ಇನ್ನು ಮುಂದೆ ಔಷಧದ ಚೀಟಿಯನ್ನೋ ಆಹಾರದ ಪೊಟ್ಟಣವನ್ನೋ ಓದುವಾಗ ಅಂಕಿಯಷ್ಟೇ ಎಚ್ಚರದಿಂದ ಅದರ ಮುಂದಿನ ಮಾನವನ್ನೂ ಓದಿ. ಸಂಶಯವಿದ್ದರೆ ವೈದ್ಯರನ್ನೋ ಔಷಧದಂಗಡಿಯವರನ್ನೋ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ನನ್ನ ತಪ್ಪನ್ನು ತಿದ್ದಿದ್ದೂ ಸಂಕೋಚವಿಲ್ಲದೆ ಕೇಳಿದ ಒಂದು ಪ್ರಶ್ನೆಯೇ.