ವಿದ್ಯುತ್ ಕ್ಷೇತ್ರದ ದಿಕ್ಕು

ವಿದ್ಯುತ್ ಕ್ಷೇತ್ರವು ಕಣ್ಣಿಗೆ ಕಾಣುವ ವಸ್ತುವಲ್ಲ. ಅದರ ಇರವನ್ನು ಅದು ಮಾಡುವ ಕಾರ್ಯದಿಂದಲೇ ನಾವು ಅರಿಯಬೇಕು. ಒಂದು ಸ್ಥಳದಲ್ಲಿ ಧನವಿದ್ಯುತ್ತಿನ ಪುಟ್ಟ ಕಣವೊಂದನ್ನಿರಿಸಿದರೆ ಅದರ ಮೇಲೆ ಬಲವು ಯಾವ ಕಡೆಗೆ ಬೀಳುವುದೋ ಅದೇ ಅಲ್ಲಿ ಕ್ಷೇತ್ರದ ದಿಕ್ಕು. ಋಣವಿದ್ಯುತ್ತಿನ ಕಣದ ಮೇಲೆ ಬಲವು ಇದಕ್ಕೆ ಎದುರಾಗಿರುತ್ತದೆ. ಈ ದಿಕ್ಕುಗಳನ್ನು ಬಲರೇಖೆಗಳಾಗಿ ಭಾವಿಸುವುದನ್ನು ನಮಗೆ ಕಲಿಸಿದ ಮಹನೀಯನು ಮೈಕೇಲ್ ಫ್ಯಾರಡೆ (1791–1867).

ಇನ್ನು ವಿಭವವೆಂದರೇನು? ಬೆಟ್ಟದ ಭೂಪಟವೊಂದನ್ನು ನೆನೆಯೋಣ. ಅದರಲ್ಲಿ ಒಂದೇ ಎತ್ತರದ ಸ್ಥಳಗಳನ್ನು ಸೇರಿಸಿ ಗೆರೆಗಳನ್ನೆಳೆದಿರುತ್ತಾರೆ. ಅಂತಹ ಗೆರೆಯ ಮೇಲೆಯೇ ನಡೆಯುವವನು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹಾಗೆಯೇ ಒಂದೇ ವಿಭವವುಳ್ಳ ಬಿಂದುಗಳನ್ನು ಸೇರಿಸಿದ ಗೆರೆಯು ಸಮವಿಭವ ರೇಖೆ. ಅದರ ಮೇಲೆ ವಿದ್ಯುತ್ಕಣವನ್ನು ಸಾಗಿಸಿದರೆ ಕ್ಷೇತ್ರವು ಕೆಲಸವನ್ನೇನೂ ಮಾಡುವುದಿಲ್ಲ. ಆದುದರಿಂದ ಆ ರೇಖೆಯ ಉದ್ದಕ್ಕೆ ಬಲವು ಎಳ್ಳಷ್ಟೂ ಇರಲಾರದು; ಇದ್ದಿದ್ದರೆ ವಿಭವವು ಬದಲಾಗಬೇಕಾಗಿತ್ತು. ಬಲವೆಲ್ಲವೂ ರೇಖೆಗೆ ಲಂಬವಾಗಿ, ವಿಭವವು ಕುಗ್ಗುವ ಕಡೆಗೆ ಇರಬೇಕು. ಗೆರೆಗಳು ಒತ್ತಾಗಿರುವಲ್ಲಿ ಬೆಟ್ಟವು ಕಡಿದಾಗಿರುವಂತೆ ಕ್ಷೇತ್ರವೂ ಪ್ರಬಲವಾಗಿರುತ್ತದೆ.

ವಿಭವವು ಸೊನ್ನೆಯಾದಲ್ಲಿ ಕ್ಷೇತ್ರವೂ ಸೊನ್ನೆಯೆಂದು ವಿದ್ಯಾರ್ಥಿಗಳು ಅನೇಕ ವೇಳೆ ಭಾವಿಸುವುದುಂಟು. ಇದು ಸರಿಯಲ್ಲ. ಸಮುದ್ರತೀರದಲ್ಲಿ ಎತ್ತರವು ಸೊನ್ನೆಯಾದರೂ ನೆಲವು ಕಡಿದಾಗಿರಬಹುದಷ್ಟೆ! ಸಮ ಪ್ರಮಾಣದ ಧನ ಋಣ ಕಣಗಳೆರಡರ ನಟ್ಟನಡುವೆ ವಿಭವವು ಸೊನ್ನೆ. ಆದರೆ ಕ್ಷೇತ್ರವು ಧನದಿಂದ ಋಣದ ಕಡೆಗೆ ಇದ್ದೇ ಇದೆ. ಎರಡೂ ಸಮನಾದ ಧನಕಣಗಳಾದರೆ ನಡುವೆ ಕ್ಷೇತ್ರವು ಸೊನ್ನೆ, ವಿಭವವು ಸೊನ್ನೆಯಲ್ಲ. ಕ್ಷೇತ್ರಕ್ಕೆ ಕಾರಣವು ವಿಭವದ ಮಟ್ಟವಲ್ಲ, ಅದರ ಇಳಿತ.

ಇದು ಪಾಠಶಾಲೆಯ ಮಾತು ಮಾತ್ರವೆಂದು ಶ್ರೋತೃಗಳು ತಿಳಿಯಬಾರದು. ಮಳೆಗಾಳಿಗೆ ವಿದ್ಯುತ್ತಂತಿಯೊಂದು ಹರಿದು ನೆಲಕ್ಕೆ ಬಿದ್ದಿತೆನ್ನೋಣ. ಪ್ರವಾಹವು ಮಣ್ಣಿನಲ್ಲಿ ಹರಡುತ್ತದೆ. ತಂತಿಯು ತಾಗಿದ ಸ್ಥಳದ ಸುತ್ತ ಸಮವಿಭವ ರೇಖೆಗಳು ಬಳೆಗಳಂತೆ, ಸಮೀಪದಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ. ಅಲ್ಲಿ ದಾಪುಗಾಲಿಡುವವನ ಎರಡು ಪಾದಗಳು ಬೇರೆ ಬೇರೆ ವಿಭವಗಳ ಮೇಲಿದ್ದು, ಪ್ರವಾಹವು ಅವನ ದೇಹದ ಮೂಲಕ ಹಾಯುತ್ತದೆ. ದನಗಳ ಮುಂಗಾಲಿಗೂ ಹಿಂಗಾಲಿಗೂ ದೂರ ಹೆಚ್ಚಾದುದರಿಂದ ಅವಕ್ಕೆ ಅಪಾಯವೂ ಹೆಚ್ಚು. ತಂತಿಯ ಮೇಲೆ ಕುಳಿತ ಹಕ್ಕಿಯಾದರೋ, ಅದರ ಎರಡು ಕಾಲುಗಳೂ ಹೆಚ್ಚುಕಡಮೆ ಒಂದೇ ವಿಭವದಲ್ಲಿರುವುದರಿಂದ ಕ್ಷೇಮವಾಗಿರುತ್ತದೆ.

ಆದಕಾರಣ ಬಿದ್ದ ತಂತಿಯ ಬಳಿಗೆ ಯಾರೂ ಹೋಗಕೂಡದು. ತಿಳಿಯದೆ ಸಮೀಪಿಸಿದ್ದರೆ ಓಡಬಾರದು. ಪಾದಗಳೆರಡನ್ನೂ ಜೋಡಿಸಿ, ನೆಲದಿಂದೆತ್ತದೆ, ಸ್ವಲ್ಪಸ್ವಲ್ಪವಾಗಿ ಜಾರಿಸುತ್ತ ದೂರ ಸರಿಯಬೇಕು. ಬಳಿಕ ಬೇರೆಯವರನ್ನು ತಡೆದು ನಿಲ್ಲಿಸಿ, ವಿದ್ಯುತ್ ಕಚೇರಿಗೆ ಕೂಡಲೇ ಸುದ್ದಿ ಮುಟ್ಟಿಸಬೇಕು.