ಮಕ್ಕಳ ಕಣ್ಣು ಮತ್ತು ಇರುಳುಗುರುಡು



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಗೃಹಸ್ಥರಾದ ನಿಮ್ಮೊಡನೆ ಮಕ್ಕಳ ಕಣ್ಣಿನ ವಿಷಯವಾಗಿ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಬಿಸಿಲಿನ ಹೊಲದಿಂದ ಬಂದು ಕೊಟ್ಟಿಗೆಯೊಳಗೆ ಕಾಲಿಟ್ಟೊಡನೆ ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತು ಕಳೆದರೆ ಗೂಟ, ಹಗ್ಗ, ಕರು ಒಂದೊಂದಾಗಿ ಕಾಣತೊಡಗುತ್ತವೆ. ಇದಕ್ಕೆ ಕಾರಣವೇನು?

ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟಲವೆಂಬ ತೆಳುವಾದ ಪದರವಿದೆ. ಅಲ್ಲಿ ಮಂದ ಬೆಳಕನ್ನು ಗ್ರಹಿಸುವ ಜೀವಕೋಶಗಳಲ್ಲಿ ರೊಡಾಪ್ಸಿನ್ ಎಂಬ ಕೆನ್ನೇರಳೆ ವರ್ಣದ್ರವ್ಯವಿರುತ್ತದೆ. ಬೆಳಕು ತಾಗಿದೊಡನೆ ಅದು ರೂಪ ಬದಲಿಸುತ್ತದೆ. ಆಗ ನರದ ಮೂಲಕ ಮೆದುಳಿಗೆ ಸಂದೇಶ ಮುಟ್ಟಿ ನೋಟ ಉಂಟಾಗುತ್ತದೆ. ಬೆಳಕಿನಿಂದ ಮಾಸಿದ ಬಣ್ಣವು ಕತ್ತಲೆಯಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಪೂರ್ಣವಾಗಿ ಕೂಡಲು ಸುಮಾರು ಅರ್ಧ ಗಂಟೆ ಬೇಕು.

ಈ ವರ್ಣದ್ರವ್ಯದ ಒಂದು ಭಾಗ 'ಎ' ಜೀವಸತ್ವದಿಂದಲೇ ಆಗತಕ್ಕದ್ದು. ಇದನ್ನು ತೋರಿಸಿಕೊಟ್ಟ ಅಮೆರಿಕದ ವಿಜ್ಞಾನಿ ಜಾರ್ಜ್ ವಾಲ್ಡ್ ಅವರು 1967ರ ನೊಬೆಲ್ ಪಾರಿತೋಷಕವನ್ನು ಇತರ ಇಬ್ಬರೊಡನೆ ಹಂಚಿಕೊಂಡರು. ಜೀವಸತ್ವ ಸಾಲದಿದ್ದರೆ ಬಣ್ಣ ಕೂಡದು, ಅದೇ ಇರುಳುಗುರುಡು.

ಮುಸ್ಸಂಜೆಯಲ್ಲಿ ಮಗು ಎಡವುತ್ತಿದ್ದರೆ, ಆಟ ಬಿಟ್ಟು ಮೂಲೆ ಸೇರುತ್ತಿದ್ದರೆ, ಮುಂದಿಟ್ಟ ತಟ್ಟೆಯನ್ನು ತಡಕುತ್ತಿದ್ದರೆ ಗದರಿಸಬೇಡಿ. ಅದು ತುಂಟತನವಲ್ಲ, ಗ್ರಹಚಾರವೂ ಅಲ್ಲ. ಮಾರನೆಯ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿ. ಈ ಹಂತದಲ್ಲಿ ಔಷಧಿ ದೊರೆತರೆ ಕೆಲವೇ ದಿನಗಳಲ್ಲಿ ನೋಟ ಮರಳುತ್ತದೆ. ಉದಾಸೀನ ಮಾಡಿದರೆ ಕಣ್ಣು ಒಣಗಿ, ಹುಣ್ಣಾಗಿ, ಶಾಶ್ವತ ಕುರುಡು ಬರಬಹುದು.

ನಮ್ಮ ಸೀಮೆಯ ರಾಗಿಮುದ್ದೆ, ಆಲೂಗಡ್ಡೆ ಹೊಟ್ಟೆ ತುಂಬಿಸುತ್ತವೆ. ಆದರೆ ಅವುಗಳಲ್ಲಿ ಈ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ನುಗ್ಗೆಸೊಪ್ಪು, ಹರಿವೆಸೊಪ್ಪು, ಸಿಹಿಗುಂಬಳ, ಪರಂಗಿಹಣ್ಣು, ಮಾವಿನಹಣ್ಣು, ಹಾಲು, ಮೊಟ್ಟೆಗಳಿಂದ ಅದು ದೊರೆಯುತ್ತದೆ. ಬಸ್ಸಾರು ಮಾಡಿದ ದಿನ ಮಗುವಿಗೆ ಸಾರನ್ನು ಮಾತ್ರ ಬಡಿಸಬೇಡಿ. ಕಣ್ಣಿಗೆ ಬೇಕಾದ ಸತ್ವ ಬಸಿದ ನೀರಿನಲ್ಲಲ್ಲ, ಸೊಪ್ಪಿನಲ್ಲಿಯೇ ಉಳಿದಿರುತ್ತದೆ. ಆ ಪಲ್ಯಕ್ಕೆ ತುಸು ಎಣ್ಣೆಯ ಒಗ್ಗರಣೆಯಿದ್ದರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ.

ಬಾಣಂತಿಯ ಮೊದಲ ಹಳದಿ ಹಾಲನ್ನು ಚೆಲ್ಲದೆ ಶಿಶುವಿಗೆ ಕುಡಿಸಿ. ಅದರಲ್ಲಿ ಈ ಸತ್ವ ಹೇರಳವಾಗಿದೆ. 9 ತಿಂಗಳು ತುಂಬಿದಾಗ ದಡಾರದ ಲಸಿಕೆಯೊಡನೆ 'ಎ' ಜೀವಸತ್ವದ ದ್ರಾವಣವನ್ನು ಹಾಕಿಸಿ. 5 ವರ್ಷದೊಳಗೆ ಒಟ್ಟು 9 ಸಲ ಹಾಕಿಸತಕ್ಕದ್ದು. ಮಗುವಿನ ಈ ದ್ರಾವಣವನ್ನು ಗರ್ಭಿಣಿ ಸೇವಿಸಕೂಡದು. ಹೊಟ್ಟೆಯಲ್ಲಿರುವ ಶಿಶುವಿಗೆ ಅಪಾಯವುಂಟು. ಗರ್ಭಿಣಿಗೇ ಇರುಳಿನಲ್ಲಿ ಕಣ್ಣು ಮಂಜಾದರೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ಯಜಮಾನರೇ, ಇದು ಹೆಂಗಸರ ಕೆಲಸವೆಂದು ಸುಮ್ಮನಿರಬೇಡಿ. ಹಿತ್ತಿಲಿನಲ್ಲಿ ಒಂದು ನುಗ್ಗೆಯ ಕೊಂಬೆ ನೆಡಿ. ನಾಳೆ ಸಂಜೆ ಮಗು ಹೇಗೆ ನಡೆಯುತ್ತದೆಂದು ಇಬ್ಬರೂ ಕುಳಿತು ಗಮನಿಸಿ.