ಬಿಸಿನೀರಿನ ಸುಳಿವು



ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ತಿಂಗಳಿಗೊಮ್ಮೆ ಹಾಸಿಗೆ ಹಿಡಿಯುತ್ತಿದ್ದ. ಹೊಟ್ಟೆನೋವು, ನಿಲ್ಲದ ವಾಂತಿ. ಬಿಸಿನೀರು ಮೈಮೇಲೆ ಬೀಳುವಷ್ಟು ಹೊತ್ತು ಮಾತ್ರ ನೆಮ್ಮದಿ. ನಡುರಾತ್ರಿಯಲ್ಲೂ ಬಚ್ಚಲು ಸೇರುತ್ತಿದ್ದ ಅವನನ್ನು ಕಂಡು ಮನೆಯವರು ಮಡಿಹುಚ್ಚೆಂದರು, ನಾನೂ ನಕ್ಕೆ. ಪರೀಕ್ಷೆಗಳು ಏನನ್ನೂ ಹೇಳಲಿಲ್ಲ. ಕೊನೆಗೆ ವೈದ್ಯೆಯೊಬ್ಬರು ಎಲ್ಲರನ್ನೂ ಹೊರಗೆ ಕಳುಹಿಸಿ, ಸ್ನಾನದ ವಿಷಯವನ್ನೇ ಹಿಡಿದು ಮೆಲ್ಲನೆ ವಿಚಾರಿಸಿದರು. ವರ್ಷಗಳಿಂದ ಗಾಂಜಾ ಸೇದುತ್ತಿದ್ದುದನ್ನು ಅವನು ಒಪ್ಪಿಕೊಂಡ.

ಈ ಸುಳಿವು ವೈದ್ಯಲೋಕಕ್ಕೆ ದೊರೆತದ್ದು ಆಸ್ಟ್ರೇಲಿಯಾದ ಅಡಿಲೇಡ್ ಬೆಟ್ಟಸೀಮೆಯಿಂದ. ದೀರ್ಘಕಾಲದ ಗಾಂಜಾ ಸೇವನೆ, ಮರುಕಳಿಸುವ ವಾಂತಿ, ಬಿಸಿನೀರಿನ ಹಂಬಲ—ಈ ಮೂರರ ನಂಟನ್ನು ಅಲ್ಲಿಯ ವೈದ್ಯರು 2004ರಲ್ಲಿ ಪ್ರಕಟಿಸಿದರು. ಗಾಂಜಾ ಬಿಟ್ಟವರನ್ನು ಕಾಯಿಲೆಯೂ ಬಿಟ್ಟಿತು. ಮತ್ತೆ ಹಿಡಿದವರನ್ನು ಮತ್ತೆ ಹಿಡಿಯಿತು. ಕ್ಯಾನ್ಸರ್ ಚಿಕಿತ್ಸೆಯ ವಾಂತಿಯನ್ನು ತಗ್ಗಿಸಬಲ್ಲ ವಸ್ತುವೇ ಇಲ್ಲಿ ವಾಂತಿಯ ಮೂಲ. ಈ ವೈಪರೀತ್ಯವೇ ರೋಗಿಯನ್ನು ಮೋಸಗೊಳಿಸುತ್ತದೆ: ಶಮನವಾದೀತೆಂದು ಅವನು ಇನ್ನಷ್ಟು ಸೇದುತ್ತಾನೆ.

ನೀರು, ಲವಣಗಳು ಬರಿದಾದರೆ ಮೂತ್ರಪಿಂಡಗಳಿಗೆ ಅಪಾಯವುಂಟು. ಆದ್ದರಿಂದ ಮೊದಲು ರಕ್ತನಾಳದ ಮೂಲಕ ದ್ರವ ನೀಡುತ್ತಾರೆ. ಸಾಮಾನ್ಯ ವಾಂತಿನಿರೋಧಕಗಳು ಹಲವೊಮ್ಮೆ ಸೋಲುತ್ತವೆ. ಮನೋರೋಗಗಳಿಗೆ ಬಳಸುವ ಹ್ಯಾಲೊಪೆರಿಡಾಲ್ ಕೆಲವರಿಗೆ ಗುಣ ಕೊಡುತ್ತದೆ. ಮೆಣಸಿನಕಾಯಿಯ ಖಾರಾಂಶವಾದ ಕ್ಯಾಪ್ಸೈಸಿನ್ ಬೆರೆತ ಮುಲಾಮನ್ನು ಹೊಟ್ಟೆಗೆ ಸವರುವುದೂ ಉಂಟು. ಬಿಸಿಯನ್ನರಿಯುವ ನರತುದಿಗಳನ್ನೇ ಅದೂ ತಟ್ಟುತ್ತದೆ. ಇವೆಲ್ಲ ತಾತ್ಕಾಲಿಕ. ಗಾಂಜಾವನ್ನು ಪೂರ್ಣವಾಗಿ ಬಿಡುವುದೊಂದೇ ಪರಿಹಾರ. ಬಿಟ್ಟ ಬಳಿಕವೂ ದೇಹ ಸುಧಾರಿಸಲು ವಾರಗಳು, ತಿಂಗಳುಗಳೇ ಹಿಡಿಯಬಹುದು.

ಆ ಹುಡುಗ ಬಿಟ್ಟಿದ್ದಾನೆ. ಮೂವತ್ತು ವರ್ಷ ತರಗತಿಯಲ್ಲಿ ಪ್ರಶ್ನೆ ಕೇಳಿದವನು ನಾನು. ನಿಜವಾದ ಉತ್ತರ ಬರುವಂತೆ ಕೇಳುವುದನ್ನು ಆ ವೈದ್ಯೆಯಿಂದ ಕಲಿತೆ.